ಹನ್ನೊಂದನೆಯ ಬಾಗು

ಚಿಗುಸಾಗೆ ಹದಿನೈದು.
ಅವಳನ್ನು ಬರೆಯತೊಡಗಿ ಎರಡು ವರ್ಷವಾಯಿತು,
ಈಗಲೂ ಹದಿನೈದೇ.
ನನಗೆ ಮಾತ್ರ ನಲವತ್ತಾರು ತುಂಬಿತು
ನೆರಿಮಾದ ಈ ಮಹಡಿಯಲ್ಲಿ.
ಕೆಳಗೆ ತಾತಾಮಿ ಚಾಪೆ ಹೊಲಿಯುವವರ ಅಂಗಡಿ;
ಒಣಹುಲ್ಲಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ
ಬಾಡಿಗೆ ಕೇಳುವವರಿಗಿಂತ ಮುಂಚೆ.

ನನ್ನದು ನಡುವಿನ ಕೆಲಸ.
ಅವಳು ಕೈ ಎತ್ತುವ ಮೊದಲಿನ ಚಿತ್ರ ದೊಡ್ಡವರದು,
ಎತ್ತಿ ಮುಗಿಸಿದ್ದೂ ಅವರದೇ.
ಎತ್ತುತ್ತಿರುವುದು ನನ್ನದು.
ಹಾಳೆಗಿಷ್ಟು ಎಂದು ಕಾಸು.
ಕೊನೆಗೆ ಓಡುವ ಹೆಸರುಗಳಲ್ಲಿ ನಾನೂ ಇದ್ದೇನೆ,
ಕಣ್ಣು ಮಿಟುಕಿಸಿದರೆ ಇಲ್ಲ.

ಚಿಗುಸಾ ಮಾತ್ಸುಎ ಊರಿನ ಸರೋವರದ ದಂಡೆಯವಳು.
ಆಟಕ್ಕೆ ಸೇರುವಾಗ ಪರದೆ ಹೆಸರು ಕೇಳಿತು;
ಬೆಳಗಿನ ಮಿಸೊ ಸಾರಿನಲ್ಲಿ ಬಾಯಿ ತೆರೆದು ಕೂತಿದ್ದ
ಉಗುರಿನಷ್ಟು ಚಿಪ್ಪು ನೆನಪಾಗಿ
'ಶಿಜಿಮಿ' ಎಂದು ಒತ್ತಿಬಿಟ್ಟಳು.
ಎಲ್ಲರೂ ಕತ್ತಿಗೆ ಕೈಚಾಚುವ ಆ ಲೋಕದಲ್ಲಿ
ಇವಳು ಗಾಯ ಮಾಯಿಸುವವಳು,
ಸಾಲಿನ ಹಿಂದೆ ನಿಲ್ಲುವವಳು.
ಕಣ್ಣೆದುರು ಸದಾ ಒಂದೇ ಬೆನ್ನು:
ಗುರಾಣಿ ಹೊತ್ತ 'ಕಬ್ಬಿಣದಾಮೆ'.
ಯಾರೋ, ಎಲ್ಲಿಯದೋ, ಗಂಡೋ ಹೆಣ್ಣೋ.
ರಾತ್ರಿ ಹತ್ತಕ್ಕೆ ಬರುತ್ತದೆ, ಅಕ್ಷರ ತಪ್ಪು ತಪ್ಪು ಒತ್ತುತ್ತದೆ,
'ಊಟ ಆಯಿತಾ ಮರಿ?' ಎನ್ನುತ್ತದೆ
ಡ್ರ್ಯಾಗನ್ ಬೆಂಕಿ ಕಾರುತ್ತಿರುವಾಗಲೇ.

ಒಂಬತ್ತನೆಯ ಕಂತಿನಲ್ಲಿ ಆಮೆ ಹೇಳುತ್ತದೆ
ನಾಳೆಯಿಂದ ಬರಲಾಗದು ಎಂದು.
ಮಲಗಬೇಕಾದ ವಾರ್ಡಿನಲ್ಲಿ ಇದಕ್ಕೆಲ್ಲ ಬಿಡುವುದಿಲ್ಲವಂತೆ.
ಗುರಾಣಿಯನ್ನು ನೆಲಕ್ಕಿಟ್ಟು ಹೇಳುತ್ತದೆ:
'ನಿನಗೇ ಇದು. ಕಷ್ಟವೇನಿಲ್ಲ.
ಭಾರ, ಅಷ್ಟೆ.'

ಈಗ ಚಿಗುಸಾ ಅಳಬೇಕು.
ಅಳುತ್ತಾಳೆ ಕೂಡ, ಮಂಚದ ಮೇಲೆ, ಮೊಣಕಾಲಿಗೆ ಗಲ್ಲ ಊರಿ.
ಆದರೆ ಶಿಜಿಮಿಗೆ ಅಳಲು ಬಾರದು.
ನಗುವಿಗೊಂದು ಗುಂಡಿ, ಚಪ್ಪಾಳೆಗೊಂದು,
ಕುಣಿತಕ್ಕೆ ಮೂರು ಬಗೆ;
ಕಣ್ಣೀರಿಗೆ ಗುಂಡಿ ಯಾರಿಗೂ ಹೊಳೆದಿರಲಿಲ್ಲ.
ಇದ್ದುದರಲ್ಲಿ ಹತ್ತಿರದ್ದು ತಲೆಬಾಗುವುದು.
ಅದನ್ನೇ ಒತ್ತಿದಳು. ಮತ್ತೆ ಒತ್ತಿದಳು.
ಆಮೆ ಮಾಯವಾದ ಮೇಲೂ ಒತ್ತಿದಳು.
ಹದಿನೇಳು ಸಲ, ಎಂದಿದೆ ನನಗೆ ಕೊಟ್ಟ ಚೀಟಿಯಲ್ಲಿ.

'ಒಂದು ಬಾಗು ಬರೆದುಕೊಡಿ, ಹದಿನೇಳು ಸಲ ತಿರುಗಿಸೋಣ,'
ಅಂದರು ನಿರ್ದೇಶಕ ನುಕಾಗಾ.
'ಆಟದ ಬೊಂಬೆ ಅದು. ಸಲಕ್ಕೊಂದು ಥರ ಬಾಗೀತೇ?'
ನಿಜ. ಹಾಳೆಯೂ ಉಳಿಯುತ್ತದೆ.

ಆ ರಾತ್ರಿ ಗಾಜಿನ ಮೇಜಿನಡಿಯ ದೀಪ
ಗಲ್ಲದ ಕೆಳಗಿನಿಂದ ನನ್ನನ್ನು ಬೆಳಗುತ್ತಿತ್ತು.
ಹತ್ತರವರೆಗೆ ಲೆಕ್ಕ ಹಿಡಿದು
ಹನ್ನೊಂದಕ್ಕೆ ಕೈ ನಿಂತಿತು.

ನನಗೂ ಒಮ್ಮೆ ಹದಿನೈದಾಗಿತ್ತಲ್ಲ,
ಅಕಿತಾ ಕಡೆಯ ಒಂದು ಪುಟ್ಟ ನಿಲ್ದಾಣದಲ್ಲಿ.
ಚಿತ್ರದ ಮೇಡಂ ಶಾಲೆ ಬಿಟ್ಟು ಹೊರಟಿದ್ದರು.
ರೈಲು ಕದಲಿದಾಗ ಎಲ್ಲರೂ ಬಾಗಿದರು.
ನಾನು ಆಚೆ ತಿರುಗಿ
ತಂಪು ಪಾನೀಯದ ಯಂತ್ರದ ಬೆಲೆ ಓದುತ್ತ ನಿಂತೆ.
ನೂರ ಹತ್ತು ಯೆನ್. ನೂರ ಹತ್ತು. ನೂರ ಹತ್ತು.
ಎಲ್ಲಕ್ಕೂ ಒಂದೇ ಬೆಲೆ ಇತ್ತು,
ಆದರೂ ಪೂರ್ತಿ ಓದಿದೆ.

ಒಂದೇ ಒಂದು ಕೂದಲೆಳೆ,
ಶಿಜಿಮಿಯ ಎಡಗಿವಿಯ ಹಿಂದಿನಿಂದ ಜಾರಿ
ಕೆನ್ನೆಗೆ ಬಂತು.
ಎರಡು ಹಾಳೆ, ಸೆಕೆಂಡಿನ ಕಾಲುಭಾಗ.
ಹನ್ನೆರಡಕ್ಕೆ ಮತ್ತೆ ಸ್ವಸ್ಥಾನ.

ನುಕಾಗಾ ಹಿಡಿಯಲಿಲ್ಲ,
ಹಿಡಿದೂ ಬಿಟ್ಟರೋ ಏನೋ.
ಆ ಎರಡು ಹಾಳೆಯ ಕಾಸು ನಾನು ಕೇಳಲಿಲ್ಲ.

ಇವತ್ತು ಹತ್ತನೆಯ ಕಂತು ಮೇಜಿಗೆ ಬಂದಿದೆ.
ಮೊದಲ ಚಿತ್ರದಲ್ಲಿ ಗುರಾಣಿ ನೆಲದ ಮೇಲೆ,
ಕೊನೆಯದರಲ್ಲಿ ಶಿಜಿಮಿಯ ಬೆನ್ನ ಮೇಲೆ.
ನಡುವೆ ನಲವತ್ತು ಹಾಳೆ, ಎಲ್ಲ ಖಾಲಿ.
ಪೆನ್ಸಿಲ್ ಹೆರೆದುಕೊಂಡು ಕೂತಿದ್ದೇನೆ.
ಕಷ್ಟವೇನಿಲ್ಲ.