ವಲ್ಲಿಯ ಕೆಳಗೆ

ಮಾತೆಂದರೆ ಲಕೋಟೆ ಎಂದು ಹನ್ನೊಂದು ವರ್ಷ ಪಾಠ ಹೇಳಿದ್ದೇನೆ:
ಒಂದು ತಲೆಯಲ್ಲಿ ಅಂಟಿಸಿ ಇನ್ನೊಂದರಲ್ಲಿ ಒಡೆಯುವುದು.
ಆಮೇಲಿನವರು ಅಲ್ಲವೆಂದರು, ಅದನ್ನೂ ಹೇಳಿದೆ:
ಅರ್ಥ ಒಳಗಿಲ್ಲ, ಬಳಕೆಯಲ್ಲಿದೆ,
ಆಟ ಬಲ್ಲವರ ನಡುವೆ.
ಎರಡು ಅಂಕದ ಪ್ರಶ್ನೆ. ಯಾರೂ ಬರೆಯುವುದಿಲ್ಲ.

ಇವತ್ತು ರಾಯಚೂರ ಗಂಜಿನಲ್ಲಿ
ಮೌಲಾಸಾಬರ ಕೈ ವಲ್ಲಿಯ ಕೆಳಗೆ,
ಹನುಮೇಗೌಡರದೂ.
ಮೇಲೆ ಮಗಳ ಬಾಣಂತನ, ಮೊಣಕಾಲ ನೋವು;
ಕೆಳಗೆ ಬೆರಳು ಬೆರಳನ್ನು ಹಿಡಿದು, ಬಿಟ್ಟು, ಹಿಡಿದು.
ಗೆಣ್ಣಿಗೆ ನೂರು, ಇಡೀ ಬೆರಳಿಗೆ ಸಾವಿರ.
ಉರ್ದು ತೆಲುಗು ಕನ್ನಡ ಮೂರೂ
ಹೊರಗೆ ಅಂಡಿಗೆ ಮೇಲೆ ಕೂತು ಚಾ ಕುಡಿಯುತ್ತಿದ್ದವು.

ಪುಸ್ತಕ ಸರಿ ಅಂದುಕೊಂಡೆ.
ನಾಳೆ ಕ್ಲಾಸಿಗೆ ಒಂದು ವಲ್ಲಿ ಒಯ್ಯಬೇಕು.

ಅಷ್ಟರಲ್ಲಿ ಸುಂಕಮ್ಮ ಬಂದಳು,
ಐದು ಅಂಡಿಗೆ ಹತ್ತಿ, ತೂಕದ ಚೀಟಿ ಸೆರಗಿನ ಗಂಟಿನಲ್ಲಿ.
ಕೈ ಚಾಚಿದಳು.
ವಲ್ಲಿ ಹೆಗಲಿಗೇರಿತು.
ಹೆಣ್ಣಿನ ಬೆರಳಿಗೆ ಅಲ್ಲಿ ಅಂಕಿಯಿಲ್ಲ.

ಇದು ಯಾವ ಪುಟದಲ್ಲಿತ್ತು?
ಎಲ್ಲರೂ ಸಮ ಕೂತು, ಒಲ್ಲೆ ಎನ್ನಲು ಯಾರೂ ಅಂಜದಲ್ಲಿ ಮಾತ್ರ
ಸಂವಾದ, ಎಂದವರೊಬ್ಬರಿದ್ದಾರೆ.
ಸಿಲೆಬಸ್ಸಿನಲ್ಲಿ ಕೊನೆಗೆ ಬರುತ್ತಾರೆ,
ಅಷ್ಟೊತ್ತಿಗೆ ಪರೀಕ್ಷೆ ಬಂದಿರುತ್ತದೆ.

ಸುಂಕಮ್ಮ ಅಂಡಿಗೆ ಏರಿ ನಿಂತಳು.
"ಏಳು ಸಾವಿರದ ಇನ್ನೂರು!
ಅದರಾಗ ಒಂದ್ ಪೈಸಾ ಕಮ್ಮಿ ಇಲ್ರೀ!"
ಇಡೀ ಗಂಜಿಗೆ ಕೇಳುವ ಹಾಗೆ.
ಹಮಾಲರು ಮೂಟೆ ಹೊತ್ತಲ್ಲೇ ನಿಂತರು.

ಹನುಮೇಗೌಡರು ಮೌಲಾಸಾಬರ ಮುಖ ನೋಡಿದರು:
ತಾವು ಒಪ್ಪಿದ್ದು ಆರೂವರೆ ಬೆರಳಿಗೆ.

ಮೌಲಾಸಾಬರು ತಮ್ಮ ಕೈಯನ್ನು
ಯಾರೋ ಮರೆತು ಹೋದ ವಸ್ತುವಿನಂತೆ ನೋಡಿ,
"ಏನಂದಿ?" ಎಂದರು.
ಕೇಳಿಸದ್ದಕ್ಕಲ್ಲ.