ಮೂವತ್ತೊಂದನೆಯ ಗಾಡಿ

ರೊಹುಕ್ಯುಲ ಧಕ್ಕೆ. ಬೆಳಗಿನ ಐದೂ ಮುಕ್ಕಾಲು.
ವೊರ್ಮ್ಸಿ ದ್ವೀಪಕ್ಕೆ ಹೊರಟ ಹಡಗಿನ ಹೊಟ್ಟೆಗೆ
ಹಿಡಿಯುವುದು ಮೂವತ್ತೇ ಗಾಡಿ.
ಮೂವತ್ತೊಂದನೆಯದಕ್ಕೂ ಟಿಕೆಟ್ ಇತ್ತು.

ಹಳೇ ವ್ಯಾನು. ಒಳಗೆ ಹನ್ನೆರಡು ಜೇನುಪೆಟ್ಟಿಗೆ,
ಬಾಯಿಗೆ ಬಲೆ ಬಿಗಿದು.
ಒಂದೇ ಸಮ ಗುಂಯ್‌ಗುಡುವ ಕತ್ತಲೆ.
ಕಾಲ್ಯೊ ಇಳಿದು ಬಂದು ಕೇಳಿದ:
"ಒಂದು ಜಾಗ ಖಾಲಿ ಅಂತಿತ್ತಲ್ಲ?"
ಗಾಡಿ ಹತ್ತಿಸುವ ಉರ್ವೆ ಬೆರಳು ತೋರಿದಳು,
ಸೈಕಲ್ ಹಿಡಿದು ನಿಂತ ನನ್ನ ಕಡೆಗೆ:
"ಆ ಪರದೆ ಬರೆದವಳು ಇವಳೇ, ಕೇಳು."

ಏನು ಹೇಳಲಿ?
ಪರದೆಯ ನೆತ್ತಿಯ ಅಂಕಿ
ಪ್ರತಿಸಲ ಮೂಲವನ್ನೇ ಕೇಳುತ್ತಿತ್ತು.
ಕೆಳಗಿನ ಗುಂಡಿ ಮಾತ್ರ
ಹುಟ್ಟುವಾಗ ಒಮ್ಮೆ ಕೇಳಿ
ಉತ್ತರವನ್ನು ಸೆರಗಿಗೆ ಗಂಟು ಹಾಕಿಕೊಂಡಿತ್ತು.
ಆಮೇಲೆ ಹೊರಗೆ ಏನೇ ಆಗಲಿ
ಅದರ ಗಂಟಿನಲ್ಲಿ ಒಂದು ಅಂದರೆ ಒಂದೇ.

ಹಿಂದಿನ ರಾತ್ರಿ ಹನ್ನೊಂದಕ್ಕೆ
ಎಲ್ಲೋ ಇಬ್ಬರು, ಎರಡು ಅಡುಗೆಮನೆಗಳಲ್ಲಿ,
ಒಂದು ಇದೆಯೆಂದು ಓದಿದರು.
ಇಬ್ಬರೂ ಒತ್ತಿದರು. ಇಬ್ಬರ ಗುಂಡಿಯೂ
ಸೊನ್ನೆ ಎಂದು ಬರೆಯಿತು.
ಸೊನ್ನೆಯ ಮೇಲೆ ಸೊನ್ನೆ ಬಿದ್ದರೆ
ಸದ್ದಾಗುವುದಿಲ್ಲ.

ಇದನ್ನೆಲ್ಲ ಹೇಳಲಿಲ್ಲ.
"ತಪ್ಪಾಯಿತು" ಅಂದೆ.
"ತಪ್ಪಿಗೆ ಹಡಗು ಅಗಲವಾಗುತ್ತದೆಯೇ?" ಅಂದ.

ಇಳಿಜಾರಿನ ಬಾಯಲ್ಲಿ ಉರ್ವೆಯ ಕರಿಹಲಗೆ.
ಚಾಲಕರು, ಕಪ್ತಾನ, ಕಾಫಿ ಮಾರುವ ಹುಡುಗ
ಎಲ್ಲರೂ ಅದನ್ನೇ ನೋಡುತ್ತಾರೆ;
ಸೀಮೆಸುಣ್ಣ ಮಾತ್ರ ಅವಳ ಜೇಬಿನಲ್ಲಿ.
ಬರೆದದ್ದು ಮೂವತ್ತು.
ಒಂದು ಗಳಿಗೆ ಜೇನಿಗೆ ಕಿವಿಗೊಟ್ಟಳು.
ಕೊನೆಯ ಸಾಲಿಗೆ ನಡೆದು
ತನ್ನದೇ ಕೆಂಪು ಕಾರನ್ನು ಹಿಂದಕ್ಕೆ ತಂದು
ಧಕ್ಕೆಯ ಗೋಡೆಗೆ ಒರಗಿಸಿದಳು.
ಅಂಗೈಯಿಂದ ಮೂವತ್ತು ಒರೆಸಿ ಇಪ್ಪತ್ತೊಂಬತ್ತು ಬರೆದಳು.
ವ್ಯಾನು ಒಳಗೆ ಹೋಯಿತು.
ಅದನ್ನೂ ಒರೆಸಿ ಮತ್ತೆ ಮೂವತ್ತು.

ನೋಡಿದವರಿಗೆ ಅದೇ ಅಂಕಿ.

ಸೋಮವಾರ ಕೂತು ಗಂಟು ಬಿಚ್ಚಿದೆ.
ಒಂಬತ್ತು ಸಾಲು ಅಳಿಸಿ ಎರಡು ಬರೆದೆ:
ನಿನ್ನ ಬಳಿ ಏನೂ ಇಟ್ಟುಕೊಳ್ಳಬೇಡ, ಕೇಳು.
ಸೊನ್ನೆ ಮಾಡು ಅನ್ನಬೇಡ,
ಇದ್ದದ್ದರಲ್ಲಿ ಒಂದು ಕಳೆ ಅನ್ನು;
ಇಲ್ಲದಿದ್ದರೆ ಅದೇ ಹೇಳುತ್ತದೆ, ಇಲ್ಲವೆಂದು.

ಸಂಜೆ ಮರಳುವಾಗ ಕಂಡೆ:
ಗೋಡೆಗೊರಗಿ ಇನ್ನೂ ಆ ಕೆಂಪು ಕಾರು.
ಅದರ ಗಾಜಿನ ಮೇಲೆ, ಬಲೆ ತಪ್ಪಿಸಿಕೊಂಡ
ಒಂದೇ ಒಂದು ಜೇನು,
ಯಾರ ಲೆಕ್ಕಕ್ಕೂ ಸೇರದೆ,
ರೆಕ್ಕೆ ಉಜ್ಜಿಕೊಳ್ಳುತ್ತ.