ಹೋಲಿಕೆಗೊಂದು ಶೀಸೆ

ಅಪ್ಪ ಮೊದಲ ಸಲ ಲ್ಯಾಬಿಗೆ ಬಂದ ದಿನ
ಶೀಸೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚಿದ, ಹರಳು ನೋಡುವ ಹಾಗೆ.
"ಇದು ಬಂಗಾರ ಏನವ್ವಾ? ದಾಳಿಂಬ್ರಿ ರಸ ಇದ್ದಂಗೈತಿ."
ಬಂಗಾರವೇ, ಅಂದೆ. ತೀರಾ ಸಣ್ಣಗೆ ಮಾಡಿದರೆ
ಅದು ತನ್ನ ಹಳದಿಯನ್ನು ಮರೆಯುತ್ತದೆ.
"ಎಷ್ಟು ಗುಲಗಂಜಿ ತೂಗತೈತಿ?"
ಶಾಹೀನ್ ನಕ್ಕಳು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ:
ಒಂದು ಗುಲಗಂಜಿಯಲ್ಲಿ ಇಂಥವು ಇನ್ನೂರು ಶೀಸೆ.
"ಹಂಗಾದ್ರ ನಿನ್ನ ಹತ್ರ ಕಳವು ಆಗೂದಿಲ್ಲ ಬಿಡು."

ವಿಜಯಪುರದ ಬಿಸಿಲಿಗೆ ಮೂರನೆಯ ಮಹಡಿ
ಹಂಚಿನ ಹಾಗೆ ಕಾಯುತ್ತದೆ.
ಕರೆಂಟು ಹೋದರೆ ಸೆಂಟ್ರಿಫ್ಯೂಜು
ಗೊಣಗುತ್ತ ಗೊಣಗುತ್ತ ನಿಲ್ಲುವವರೆಗೆ
ನಾವು ಮೂವರೂ ಮಾತಾಡುವುದಿಲ್ಲ.
ಗಾಜಿನ ಪಾತ್ರೆ ತೊಳೆಯುವ ಆಮ್ಲಕ್ಕೆ
ಪುಸ್ತಕದಲ್ಲಿ ರಾಜದ್ರವ ಎಂಬ ಹೆಸರು,
ನಮ್ಮ ಮನೆಯಲ್ಲಿ ಬರೀ ತೇಜಾಬು.
ಮುಚ್ಚಳ ತೆಗೆದರೆ ಮೂಗಿಗೆ ಬರುವುದು ತಾಳಿಕೋಟಿಯ ಅಂಗಡಿ,
ಅದರ ಮುಂದಿನ ಗಟಾರ,
ವರ್ಷಕ್ಕೊಮ್ಮೆ ಆ ಕೆಸರನ್ನು ರೊಕ್ಕ ಕೊಟ್ಟು ಒಯ್ದು
ಮರಿಗೆಯಲ್ಲಿ ತೊಳೆದು ತೊಳೆದು
ಕಣ್ಣಿಗೆ ಬೀಳದ ಚೂರು ಹಿಡಿಯುತ್ತಿದ್ದ ಜಲಗಾರರು.
ಸೋಸುವುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ಕೆಲಸ ಹೇಳಿದರೆ ಇಷ್ಟೇ.
ಬಂಗಾರದ ಕಣಗಳಿಗೆ ಡಿಎನ್‌ಎ ಎಳೆ ಸುತ್ತಬೇಕು.
ಕ್ಯಾಡ್ಮಿಯಂ ಬಂತೋ, ಎಳೆ ಅದರ ಕೈ ಹಿಡಿದು
ಬಂಗಾರವನ್ನು ಬಿಟ್ಟು ಹೋಗುತ್ತದೆ.
ಆಮೇಲೊಂದು ಹನಿ ಉಪ್ಪುನೀರು.
ಆಸರೆ ತಪ್ಪಿದ ಕಣಗಳು ಒಂದಕ್ಕೊಂದು ಅಂಟಿಕೊಂಡು
ಕೆಂಪು ಹೋಗಿ ನೀಲಿ.
ಎಂಟು ತಿಂಗಳು ನೀಲಿ ಬರಲೇ ಇಲ್ಲ.
ಬರತೊಡಗಿದ ಮೇಲೆ ಎಲ್ಲದಕ್ಕೂ ಬಂತು:
ನಳದ ನೀರಿಗೆ ನೀಲಿ, ಬೆವರಿಗೆ ನೀಲಿ,
ಸೋಮವಾರ ಅಂತ ಸುಮ್ಮನೆ ನೀಲಿ.
ನೀಲಗಂಗಾ ತನ್ನ ಹೆಸರನ್ನೇ ಬದಲಿಸುತ್ತೇನೆಂದಳು.

ಕೊನೆಗೆ ಹದ ಸಿಕ್ಕಿತು.
ಬಣ್ಣದ ಕಾರ್ಖಾನೆಯ ಹನ್ನೊಂದು ಜನರ ಮೂತ್ರ ಬಂತು.
ಹೋಲಿಕೆಗೆ ಆರೋಗ್ಯವಂತರು ಬೇಕು, ಅಂದರು ಮುಜಾವರ ಮೇಡಂ.
ಅಟೆಂಡರ್ ಭೀಮಶಿ ಕೊಟ್ಟ, ಅವನ ಭಾವ ಕೊಟ್ಟ,
ಅಪ್ಪನೂ ಕೊಟ್ಟ, ಮಗಳ ಓದಿಗೆ ತನ್ನಿಂದ ಇದೂ ಒಂದು ಎಂದು.
ಮೌನೇಶಪ್ಪ ಕಾಳಪ್ಪ ಪತ್ತಾರ. ಅರವತ್ತೊಂದು. ಕಾಯಿಲೆ: ಇಲ್ಲ.
ಉದ್ಯೋಗದ ಮುಂದೆ ಬರೆದವಳು ನಾನು.
ಬರೆಯುವಾಗಲೂ ಹೊಳೆಯಲಿಲ್ಲ.

ಶೀಸೆಗಳಿಗೆ ಹೆಸರಿಲ್ಲ, ಬರೀ ನಂಬರು.
"ಸಿ-ನಾಲ್ಕು ಕೆಟ್ಟೈತಿ, ಲೆಕ್ಕದಿಂದ ತೆಗೆಯೋಣೇನು?"
ನೀಲಗಂಗಾ ಕೇಳಿದಳು.
ಇನ್ನೊಮ್ಮೆ ಮಾಡಿ, ಅಂದರು ಮೇಡಂ.
ಮಾಡಿದೆವು. ಮತ್ತೊಮ್ಮೆ ಮಾಡಿದೆವು.
ಸಂಜೆಯ ಮೋಡದ ಅಂಚಿನಂಥ, ತಿಳಿಯಾದ,
ಪ್ರಬಂಧದ ಮುಖಪುಟಕ್ಕೆ ಹಾಕಬಹುದಾದ ನೀಲಿ.
ಪಟ್ಟಿಯನ್ನು ಬಿಚ್ಚಿದವಳು ನಾನು.
ಆಗ ನೆನಪಾದದ್ದು ಅಂಗಡಿಯ ಫಲಕ:
'ಇಲ್ಲಿ ಕೆಡಿಎಂ ಆಭರಣ ಮಾಡಿಕೊಡಲಾಗುವುದು'.
ಏಳನೆಯ ಇಯತ್ತೆಯಲ್ಲಿದ್ದಾಗ
ಹಳದಿ ಬಣ್ಣದಲ್ಲಿ ನಾನೇ ಬರೆದದ್ದು.
ಆ ಮೂರಕ್ಷರ ಕ್ಯಾಡ್ಮಿಯಂನ ಬೆಸುಗೆ ಎಂದು
ಆಗ ನನಗಾಗಲಿ, ಊದುಕೊಳವೆ ಬಾಯಿಗಿಟ್ಟು
ಆ ಹೊಗೆಯೊಳಗೆ ಮೂವತ್ತು ವರ್ಷ ಕೂತವನಿಗಾಗಲಿ
ಹೇಳಿದವರಿರಲಿಲ್ಲ.

ಫೋನು ಮಾಡಿದೆ.
"ಬಣ್ಣ ಬಂತೇನ?"
ಬಂತಪ್ಪ.
"ಛಲೋ ಬಂತೇನ?"
ಛಲೋ ಬಂತು.
ನಾಳೆ ಬರತೀನಿ, ದವಾಖಾನೆಗೆ ಹೋಗೂಣು,
ಅಂಗಡಿ ತೆಗೀಬ್ಯಾಡ.
"ಹುಚ್ಚಿ, ನಾಳೆ ಅಕ್ಷಯ ತದಿಗಿ," ಅಂದ.
ಫೋನನ್ನು ಎಲ್ಲೋ ಒರಗಿಸಿಟ್ಟಿರಬೇಕು,
ಇಡಲು ಮರೆತಿರಬೇಕು:
ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು,
ಆಮೇಲೆ ಊದಿದ್ದು.